ಮಹಾಮಾರಿಯೂ ಮರಣಗಣನೆಯೂ

ಜನಪದವನ್ನು ಒಮ್ಮೆಗೇ ಮುತ್ತುವ ವ್ಯಾಧಿಯನ್ನು ಪ್ರಾಚೀನರು ವೈದ್ಯನ ಪಾಲಿಗೆ ಮಾತ್ರ ಬಿಟ್ಟಿರಲಿಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸದ ವಿಚಾರಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಕೌಟಿಲ್ಯನ ಅರ್ಥಶಾಸ್ತ್ರವು ದೈವಿಕವಾದ ಎಂಟು ಮಹಾಭಯಗಳನ್ನು ಎಣಿಸುವಾಗ ವ್ಯಾಧಿ, ದುರ್ಭಿಕ್ಷ, ಮೂಷಿಕ ಎಂದು ಬೇರೆಬೇರೆಯಾಗಿ ಹೆಸರಿಸಿ, ಅವುಗಳಿಂದ ಪ್ರಜೆಗಳನ್ನು ರಕ್ಷಿಸುವ ಹೊಣೆಯನ್ನು ರಾಜನ ಮೇಲೆ ಹೊರಿಸುತ್ತದೆ. ರಕ್ಷಿಸಬೇಕಾದರೆ ಎಷ್ಟು ಮಂದಿ ರೋಗಕ್ಕೆ ತುತ್ತಾದರೆಂಬುದನ್ನು ಮೊದಲು ತಿಳಿಯಬೇಕು. ತಿಳಿದ ಬಳಿಕ ಜನರ ಸಂಚಾರವನ್ನು ಎಷ್ಟರಮಟ್ಟಿಗೆ ತಡೆಯಬೇಕೆಂಬುದನ್ನು ನಿಶ್ಚಯಿಸಬೇಕು. ಗಣನೆಯು ಕಾರಣ, ನಿರ್ಬಂಧವು ಕಾರ್ಯ ಎಂಬುದು ಸಾಮಾನ್ಯ ಭಾವನೆ. ಆದರೆ ಕಾರ್ಯವೇ ಹಿಂದಿರುಗಿ ಕಾರಣವನ್ನು ಕೆಡಿಸಿದ ನಿದರ್ಶನಗಳು ಚರಿತ್ರೆಯಲ್ಲಿ ಹೇರಳವಾಗಿವೆ. ನಿರ್ಬಂಧಕ್ಕೆ ಹೆದರಿ ಜನರು ರೋಗವನ್ನು ಬಚ್ಚಿಡುವರು. ಬಚ್ಚಿಟ್ಟುದರಿಂದ ಲೆಕ್ಕವು ತಪ್ಪುವುದು. ಲೆಕ್ಕ ತಪ್ಪಿತೆಂದು ಸರ್ಕಾರವು ಮತ್ತಷ್ಟು ಕಠಿನವಾಗುವುದು. ತಾರ್ಕಿಕರು ಹೇಳುವ ಅನ್ಯೋನ್ಯಾಶ್ರಯದೋಷವು ರಾಜ್ಯಕಾರ್ಯದಲ್ಲಿ ಕಾಣಿಸಿಕೊಳ್ಳುವ ಬಗೆ ಇದು.

ಇದರ ಅತ್ಯಂತ ಸ್ಪಷ್ಟವಾದ ಹಳೆಯ ಉದಾಹರಣೆ ಲಂಡನ್ ನಗರದ್ದು. ಹದಿನೇಳನೆಯ ಶತಮಾನದಲ್ಲಿ ಅಲ್ಲಿ ಪ್ರತಿವಾರವೂ ಮರಣಪಟ್ಟಿಯೊಂದು ಅಚ್ಚಾಗಿ ಮಾರಾಟವಾಗುತ್ತಿದ್ದಿತು. ಪ್ರತಿಯೊಂದು ಶವವನ್ನೂ ನೋಡಿ ಸಾವಿನ ಕಾರಣವನ್ನು ಹೇಳುವ ಕೆಲಸಕ್ಕೆ ಬಡ ಮುದುಕಿಯರನ್ನು ನೇಮಿಸಿದ್ದರು. ಪ್ಲೇಗು ಎಂದು ಅವರು ಹೇಳಿದೊಡನೆ ಆ ಮನೆಯ ಬಾಗಿಲಿಗೆ ಕೆಂಪು ಶಿಲುಬೆಯ ಗುರುತು ಬೀಳುತ್ತಿತ್ತು. ಸ್ವಸ್ಥರೂ ರೋಗಿಗಳೂ ಒಟ್ಟಿಗೆ ವಾರಗಟ್ಟಲೆ ಒಳಗೇ ಇರಬೇಕಾಗಿತ್ತು. ಹೊರಗೆ ಕಾವಲುಗಾರನು ನಿಲ್ಲುತ್ತಿದ್ದನು. ಇಂಥ ಸ್ಥಿತಿಯಲ್ಲಿ ಮುದುಕಿಯ ಕೈಗೆ ನಾಲ್ಕು ಕಾಸು ಹಾಕಿ, ಜ್ವರದಿಂದ ಸತ್ತನೆಂದು ಬರೆಯಿಸಿಕೊಳ್ಳುವ ಆಸೆ ಯಾರಿಗೆ ತಾನೆ ಹುಟ್ಟದು? ೧೬೬೫ರ ಮಹಾಮಾರಿಯಲ್ಲಿ ಪಟ್ಟಿಯಲ್ಲಿ ನಮೂದಾದ ೯೭,೩೦೬ ಮರಣಗಳ ಪೈಕಿ ಪ್ಲೇಗಿನವು ೬೮,೫೯೬ ಮಾತ್ರ. ಉಳಿದ ಇಪ್ಪತ್ತೆಂಟು ಸಾವಿರಕ್ಕೂ ಮೇಲ್ಪಟ್ಟ ಮರಣಗಳೆಲ್ಲವೂ ಬೇರೆ ರೋಗಗಳಿಂದಲೇ ಆದುವೆಂದು ನಂಬಿದವರು ಕಡಿಮೆ.

ಈ ಮರೆಮಾಚುವಿಕೆಯನ್ನು ಲೆಕ್ಕದಿಂದಲೇ ಬಯಲಿಗೆಳೆಯಬಹುದೆಂದು ತೋರಿಸಿದವನು ವೈದ್ಯನೂ ಅಲ್ಲ, ರಾಜಪುರುಷನೂ ಅಲ್ಲ. ಜಾನ್ ಗ್ರಾಂಟ್ ಎಂಬ ಲಂಡನ್ನಿನ ಜವಳಿ ವ್ಯಾಪಾರಿ. ೧೬೬೨ರಲ್ಲಿ ಅವನು ಪ್ರಕಟಿಸಿದ ಪುಸ್ತಕದಲ್ಲಿ ೧೬೨೫ರ ಪ್ಲೇಗಿನ ಪಟ್ಟಿಯ ವಿಮರ್ಶೆಯಿದೆ. ಆ ವರ್ಷ ಪ್ಲೇಗಿನವೆಂದು ಬರೆದ ಸಾವುಗಳು ಸುಮಾರು ೩೫,೪೦೦. ಇತರ ಕಾರಣಗಳವು ಸುಮಾರು ೧೮,೮೦೦. ಆದರೆ ಹಿಂದಿನ ಮುಂದಿನ ವರ್ಷಗಳಲ್ಲಿ ಇತರ ಕಾರಣಗಳಿಂದ ಸಾಯುತ್ತಿದ್ದವರು ಏಳೆಂಟು ಸಾವಿರ ಮಂದಿ ಮಾತ್ರ. ಹೆಚ್ಚಾಗಿ ಕಂಡ ಹನ್ನೊಂದು ಸಾವಿರವೂ ಪ್ಲೇಗಿನದೇ ಆಗಿರಬೇಕು, ಆದುದರಿಂದ ಪ್ಲೇಗಿನಿಂದ ಸತ್ತವರಲ್ಲಿ ಸುಮಾರು ಕಾಲುಭಾಗದವರು ಪಟ್ಟಿಗೆ ಬಂದಿಲ್ಲ ಎಂದು ಅವನು ನಿರ್ಣಯಿಸಿದನು. ತಿಳಿದುದನ್ನೆಲ್ಲ ಕಳೆದು, ಮಿಕ್ಕುದರಿಂದ ತಿಳಿಯದುದನ್ನು ಊಹಿಸುವ ಈ ಕ್ರಮವು ನ್ಯಾಯಶಾಸ್ತ್ರದ ಪರಿಶೇಷಾನುಮಾನವೇ ಆಗಿದೆ. ಒಂದೊಂದು ಶವದ ಕಾರಣವನ್ನು ಕೇಳಿ ಎಣಿಸುವುದು ಒಂದು ಮಾರ್ಗ. ಎಲ್ಲ ಶವಗಳನ್ನೂ ಎಣಿಸಿ ವಾಡಿಕೆಯ ಮರಣವನ್ನು ಕಳೆಯುವುದು ಇನ್ನೊಂದು ಮಾರ್ಗ. ಅಂದಿನಿಂದ ಇಂದಿನವರೆಗೆ ಸಾಂಕ್ರಾಮಿಕಗಳ ವಿಷಯವಾಗಿ ನಡೆದ ಅಂಕಿಗಳ ಜಗಳವೆಲ್ಲವೂ ಈ ಎರಡು ಮಾರ್ಗಗಳ ನಡುವಣ ಅಂತರದಲ್ಲಿಯೇ ನಡೆದಿದೆ.

ಭರತಖಂಡದಲ್ಲಿ ಈ ಜಗಳವು ದೊಡ್ಡದಾಗಿ ಎದ್ದುದು ೧೮೯೬ರಲ್ಲಿ. ಆ ವರ್ಷ ಸೆಪ್ಟೆಂಬರಿನಲ್ಲಿ ಬೊಂಬಾಯಿಯ ಮಾಂಡವಿ ಮೊಹಲ್ಲೆಯಲ್ಲಿ ಡಾಕ್ಟರ್ ಅಕಾಸಿಯೊ ವೀಗಸ್ ಎಂಬವರು ಗಡ್ಡೆಪ್ಲೇಗನ್ನು ಗುರುತಿಸಿದರು. ಅಕ್ಟೋಬರ್ ಮೊದಲಲ್ಲಿಯೇ ಪುರಸಭೆಯು ರೋಗಿಗಳನ್ನು ಬಲಾತ್ಕಾರವಾಗಿ ಆಸ್ಪತ್ರೆಗೆ ಸಾಗಿಸುವ ಅಧಿಕಾರವನ್ನು ವಹಿಸಿಕೊಂಡಿತು. ಆಸ್ಪತ್ರೆಗೆ ಹೋದವರು ಹಿಂದಿರುಗುವುದಿಲ್ಲವೆಂಬ ಭೀತಿ ಜನರಲ್ಲಿ ಹಬ್ಬಿ, ಆ ತಿಂಗಳ ಕೊನೆಯಲ್ಲಿ ಗಿರಣಿ ಕೆಲಸಗಾರರ ಗುಂಪೊಂದು ಆರ್ಥರ್ ರೋಡಿನ ಆಸ್ಪತ್ರೆಯ ಮೇಲೆ ಬಿದ್ದಿತು. ನಗರದ ಜಾಡಮಾಲಿಗಳೂ ಊರು ಬಿಟ್ಟಾರೆಂಬ ಅಂಜಿಕೆಯಿಂದ ಪುರಸಭೆಯು ಆಜ್ಞೆಯನ್ನು ಸಡಿಲಿಸಬೇಕಾಯಿತು. ಅಷ್ಟರಲ್ಲಿ ಜನರು ರೈಲಿನಲ್ಲಿ, ದೋಣಿಗಳಲ್ಲಿ, ಕಾಲ್ನಡೆಯಲ್ಲಿ ಹೊರಟೇಬಿಟ್ಟಿದ್ದರು. ೧೮೯೧ರ ಜನಗಣತಿಯಲ್ಲಿ ೮ ಲಕ್ಷ ೨೦ ಸಾವಿರಕ್ಕೂ ಮಿಗಿಲಾಗಿದ್ದ ನಗರವು ಕೆಲವೇ ತಿಂಗಳಲ್ಲಿ ಹೆಚ್ಚುಕಡಿಮೆ ಅರ್ಧ ಬರಿದಾಯಿತು.

ಇಲ್ಲಿ ಲೆಕ್ಕವು ಎರಡು ಕಡೆಯಿಂದ ಕೆಟ್ಟಿತು. ಪ್ಲೇಗೆಂದು ಬರೆದ ಸಾವುಗಳಿಗಿಂತ ವಾಡಿಕೆಯನ್ನು ಮೀರಿದ ಸಾವುಗಳು ಬಹಳ ಹೆಚ್ಚಾಗಿದ್ದುವು. ಜ್ವರ, ಶ್ವಾಸಕೋಶದ ರೋಗ ಮುಂತಾದ ಹೆಸರುಗಳ ಹಿಂದೆ ಪ್ಲೇಗು ಅಡಗಿದ್ದಿತು. ಇತ್ತ, ಸಾವಿರಕ್ಕೆ ಇಷ್ಟು ಸಾವೆಂದು ಗಣಿಸುವವರು ಹಳೆಯ ಜನಗಣತಿಯ ಸಂಖ್ಯೆಯನ್ನೇ ಹಿಡಿದರೆ, ಊರಿನಲ್ಲಿ ಇಲ್ಲದವರನ್ನೂ ಬದುಕಿದವರ ಲೆಕ್ಕಕ್ಕೆ ಸೇರಿಸಿದಂತಾಗುತ್ತಿತ್ತು. ಮಾತ್ರವಲ್ಲದೆ ೧೮೯೬–೯೭ರಲ್ಲಿ ದೇಶದಲ್ಲಿ ಘೋರವಾದ ಕ್ಷಾಮವೂ ನಡೆದಿದ್ದುದರಿಂದ, ಹೆಚ್ಚಿದ ಸಾವೆಲ್ಲವನ್ನೂ ಪ್ಲೇಗಿನ ಮೇಲೆ ಹೊರಿಸುವುದೂ ನ್ಯಾಯವಾಗಿರಲಿಲ್ಲ. ಕೌಟಿಲ್ಯನು ವ್ಯಾಧಿಯನ್ನೂ ದುರ್ಭಿಕ್ಷವನ್ನೂ ಬೇರ್ಪಡಿಸಿದನು. ಸ್ಮಶಾನದ ಗುಮಾಸ್ತನಿಗೆ ಅದು ಅಷ್ಟು ಸುಲಭವಾಗಿರಲಿಲ್ಲ.

ಹೊರದೇಶಗಳು ಬೊಂಬಾಯಿಯ ಹಡಗುಗಳನ್ನು ಸಂಶಯದಿಂದ ನೋಡತೊಡಗಿದುವು. ೧೮೯೭ರ ಮೊದಲಲ್ಲಿ ವೆನಿಸ್ ನಗರದಲ್ಲಿ ಅಂತರರಾಷ್ಟ್ರೀಯ ಆರೋಗ್ಯ ಸಮ್ಮೇಳನವು ಸೇರಿತು. ವ್ಯಾಪಾರಕ್ಕೆ ಧಕ್ಕೆ ತಗಲುವ ಈ ಸಂದರ್ಭದಲ್ಲಿ, ೧೮೯೭ರ ಫೆಬ್ರುವರಿಯಲ್ಲಿ, ಸಾಂಕ್ರಾಮಿಕ ರೋಗಗಳ ಕಾಯಿದೆಯು ಜಾರಿಗೆ ಬಂದಿತು. ನಾಲ್ಕೇ ಪ್ರಕರಣಗಳ ಈ ಪುಟ್ಟ ಶಾಸನವು ಅಧಿಕಾರಿಗಳಿಗೆ ಬಹು ವಿಸ್ತಾರವಾದ ಅಧಿಕಾರವನ್ನು ಕೊಟ್ಟಿತು. ಸದ್ಭಾವದಿಂದ ಮಾಡಿದ ಕಾರ್ಯಕ್ಕಾಗಿ ಅವರ ಮೇಲೆ ದಾವೆ ಹೂಡಲಾಗದೆಂದೂ ವಿಧಿಸಿತು. ಲೆಕ್ಕವನ್ನು ಹೇಗೆ ಇಡಬೇಕು, ಅದನ್ನು ಪ್ರಜೆಗಳ ಮುಂದೆ ಹೇಗೆ ಇಡಬೇಕು ಎಂಬುದರ ಬಗೆಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ.

ಈ ಕಾಯಿದೆಯ ಫಲವನ್ನು ಪುಣೆಯು ಉಂಡಿತು. ಅಲ್ಲಿಯ ಪ್ಲೇಗು ಸಮಿತಿಯ ಅಧ್ಯಕ್ಷ ರ‍್ಯಾಂಡನು ಮಾರ್ಚಿನಿಂದ ಮೇ ತಿಂಗಳವರೆಗೆ ಗೋರಾ ಸಿಪಾಯಿಗಳಿಂದ ಮನೆಮನೆಯ ಶೋಧನೆಯನ್ನು ನಡೆಯಿಸಿದನು. ಬೂಟುಗಾಲಿನಿಂದ ಅಡಿಗೆಮನೆಯನ್ನೂ ದೇವರ ಮನೆಯನ್ನೂ ಹೊಕ್ಕರೆಂಬ, ಸಾಮಾನುಗಳನ್ನು ಸುಟ್ಟರೆಂಬ, ಹೆಂಗಸರಿಗೆ ಅಪಮಾನವಾಯಿತೆಂಬ ಕೂಗು ಎದ್ದಿತು. ಜೂನ್ ೨೨ರ ರಾತ್ರಿ ಚಾಪೇಕರ ಸಹೋದರರು ರ‍್ಯಾಂಡನ ಮೇಲೆ ಗುಂಡು ಹಾರಿಸಿದರು; ಅವನೂ, ಏಯರ್ಸ್ಟ್ ಎಂಬ ಇನ್ನೊಬ್ಬ ಅಧಿಕಾರಿಯೂ ಮೃತರಾದರು. ಕೇಸರಿಯ ಲೇಖನಗಳಿಗಾಗಿ ಬಾಲಗಂಗಾಧರ ತಿಲಕರಿಗೆ ರಾಜದ್ರೋಹದ ಆರೋಪದ ಮೇಲೆ ಹದಿನೆಂಟು ತಿಂಗಳ ಸೆರೆಯಾಯಿತು. ರೋಗಿಗಳನ್ನು ಬೇರ್ಪಡಿಸುವುದನ್ನು ತಿಲಕರು ತತ್ತ್ವತಃ ವಿರೋಧಿಸಿದವರಲ್ಲ. ಪುಣೆಯಲ್ಲಿ ಹಿಂದೂಗಳಿಗಾಗಿ ಪ್ಲೇಗು ಆಸ್ಪತ್ರೆಯನ್ನು ಏರ್ಪಡಿಸಿದವರಲ್ಲಿ ಅವರೇ ಮುಂದಾಳುಗಳಾಗಿದ್ದರು. ಅವರ ಆಕ್ಷೇಪಣೆಯು ಕಾರ್ಯದ ಮೇಲಲ್ಲ, ಕ್ರಮದ ಮೇಲೆ.

ಗೋಪಾಲಕೃಷ್ಣ ಗೋಖಲೆಯವರಿಗೆ ಒದಗಿದ ಸಂಕಟವು ಇದಕ್ಕಿಂತಲೂ ಬೋಧಪ್ರದವಾದುದು. ಆಗ ಇಂಗ್ಲೆಂಡಿನಲ್ಲಿದ್ದ ಅವರು ಪುಣೆಯಿಂದ ಬಂದ ಪತ್ರಗಳನ್ನು ನಂಬಿ, ಹೆಂಗಸರ ಮೇಲೆ ಅತ್ಯಾಚಾರವಾಯಿತೆಂದು ಅಲ್ಲಿಯ ಪತ್ರಿಕೆಯಲ್ಲಿ ಹೇಳಿಕೆ ಕೊಟ್ಟರು. ಹಿಂದಿರುಗಿದ ಮೇಲೆ ಅದನ್ನು ಸಾಕ್ಷಿಗಳಿಂದ ಸ್ಥಾಪಿಸಲಾಗದೆ ಬಹಿರಂಗವಾಗಿ ಕ್ಷಮೆ ಬೇಡಿದರು. ಸಾಕ್ಷಿ ದೊರೆಯದುದರಿಂದ ಯಾವ ಅನ್ಯಾಯವೂ ನಡೆಯಲಿಲ್ಲವೆಂದು ಸಿದ್ಧವಾಗುವುದಿಲ್ಲ. ಸಿದ್ಧವಾಗುವುದು ಇಷ್ಟೆ: ಸರ್ಕಾರದ ಕೈಯಲ್ಲಿ ದಫ್ತರುಗಳಿದ್ದುವು, ಪ್ರಜೆಗಳ ಕೈಯಲ್ಲಿ ಪತ್ರಗಳು ಮಾತ್ರ ಇದ್ದುವು, ಎರಡನ್ನೂ ಒರೆಗೆ ಹಚ್ಚಿ ನೋಡುವ ಮಧ್ಯಸ್ಥನಿರಲಿಲ್ಲ.

ಕನ್ನಡ ನಾಡಿಗೆ ಪ್ಲೇಗು ಬಂದುದು ರೈಲಿನ ದಾರಿಯಿಂದ. ೧೮೯೮ರಲ್ಲಿ ಹುಬ್ಬಳ್ಳಿ ಧಾರವಾಡಗಳು ರೋಗಕ್ಕೆ ತುತ್ತಾದುವು. ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಅದು ಕಾಣಿಸಿಕೊಂಡಿತು. ಹುಬ್ಬಳ್ಳಿಯಲ್ಲಿ ಬಹುಸಂಖ್ಯೆಯ ಜನರು ಹಾಫ್ಕಿನ್ ಪಂಡಿತನು ಕಂಡುಹಿಡಿದ ಲಸಿಕೆಯನ್ನು ಹಾಕಿಸಿಕೊಂಡರು. ಲಸಿಕೆ ಪಡೆದವರಲ್ಲಿ ಎಷ್ಟು ಸಾವು, ಪಡೆಯದವರಲ್ಲಿ ಎಷ್ಟು ಸಾವು ಎಂಬ ಹೋಲಿಕೆಯ ಪಟ್ಟಿಗಳು ಹೊರಟುವು. ಜನರು ದಿನವೂ ಊರಿಗೆ ಬರುತ್ತ ಹೋಗುತ್ತ ಇರುವಾಗ ಲಸಿಕೆ ಪಡೆಯದವರ ನಿಜವಾದ ಸಂಖ್ಯೆಯೆಷ್ಟು ಎಂಬ ಪ್ರಶ್ನೆ ಎದ್ದಿತು. ಫ್ರೇಸರನ ಅಧ್ಯಕ್ಷತೆಯಲ್ಲಿ ೧೮೯೮–೯೯ರಲ್ಲಿ ವಿಚಾರಣೆ ನಡೆಸಿದ ಪ್ಲೇಗು ಕಮಿಷನ್ನು ಅಂಕಿಗಳ ದೋಷಗಳನ್ನು ಎತ್ತಿಹಿಡಿದು, ಆದರೂ ಲಸಿಕೆಯಿಂದ ರೋಗವೂ ಸಾವೂ ತಗ್ಗುವುದು ನಿಜವೆಂದು ಒಪ್ಪಿತು. ಅಂಕಿಯಲ್ಲಿ ದೋಷವಿದ್ದ ಮಾತ್ರಕ್ಕೆ ವಸ್ತುವೇ ಇಲ್ಲವೆನ್ನಲಾಗದು ಎಂಬ ವಿವೇಕವು ಈ ತೀರ್ಪಿನಲ್ಲಿ ಕಾಣುತ್ತದೆ.

ಬೆಂಗಳೂರಿನ ವಿಷಯದಲ್ಲಿ ದಿನಚರಿಯ ಪಟ್ಟಿಗಳಿಗಿಂತ ಹೆಚ್ಚಾಗಿ ಮಾತನಾಡುವುದು ಜನಗಣತಿ. ನಗರ ದಂಡುಗಳೆರಡೂ ಸೇರಿ ೧೮೯೧ರಲ್ಲಿ ೧,೮೦,೩೬೬ ಜನರಿದ್ದ ಬೆಂಗಳೂರಿನಲ್ಲಿ ೧೯೦೧ರಲ್ಲಿ ೧,೫೯,೦೪೬ ಜನರು ಮಾತ್ರ ಇದ್ದರು. ಸತ್ತವರೆಷ್ಟು, ಬಿಟ್ಟುಹೋದವರೆಷ್ಟು ಎಂಬುದನ್ನು ಈ ಸಂಖ್ಯೆಯು ಬಿಡಿಸಿ ಹೇಳದು. ಆದರೆ ಲಂಚಕ್ಕೂ ಭಯಕ್ಕೂ ಬಗ್ಗದ ಸಾಕ್ಷಿ ಅದು. ಇಕ್ಕಟ್ಟಾದ ಪೇಟೆಯಿಂದ ಜನರು ಮಲ್ಲೇಶ್ವರ ಬಸವನಗುಡಿಗಳ ಹೊಸ ಬಡಾವಣೆಗಳಿಗೆ ಸರಿಯುವುದಕ್ಕೆ ಆ ಮಾರಿಯೇ ಪ್ರಚೋದಕವಾಯಿತು. ಪ್ಲೇಗಮ್ಮನೆಂಬ ಹೆಸರಿನಿಂದ ಪೂಜೆಗೊಳ್ಳುವ ದೇವತೆಯ ಗುಡಿಗಳೂ ಆ ಕಾಲದ ಸ್ಮಾರಕಗಳೇ.

ಹಳ್ಳಿಗಳಲ್ಲಿ ಮಾತ್ರ ಒಂದು ಲೆಕ್ಕವು ಯಾವ ಅಧಿಕಾರಿಯ ಹಂಗೂ ಇಲ್ಲದೆ ನಡೆಯಿತು. ಇಲಿ ಬಿದ್ದಿತೆಂಬ ಸುದ್ದಿ ಹುಟ್ಟಿದ ಕೂಡಲೆ ಊರಿನವರು ತಾವಾಗಿಯೇ ಮನೆಗಳನ್ನು ಬಿಟ್ಟು, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ವಾಸಿಸತೊಡಗಿದರು. ಸತ್ತ ಮಗುವನ್ನು ಬಚ್ಚಿಡುವುದಕ್ಕೆ ತಾಯಿಗೆ ಕಾರಣವಿತ್ತು. ಸತ್ತ ಇಲಿಯನ್ನು ಬಚ್ಚಿಡುವುದಕ್ಕೆ ಯಾರಿಗೂ ಕಾರಣವಿರಲಿಲ್ಲ. ೧೮೯೮ರಲ್ಲಿ ಕರಾಚಿಯಲ್ಲಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು ಇಲಿಯ ಚಿಗಟದಿಂದ ರೋಗವು ಹರಡುವುದೆಂದು ತೋರಿಸಿದರೂ ಕಮಿಷನ್ನಿನ ಪಂಡಿತರು ಅದನ್ನು ಒಪ್ಪಲಿಲ್ಲ. ಮುಂದೆ ೧೯೦೫ರಿಂದೀಚೆಗೆ ನಡೆದ ಸಂಶೋಧನೆಗಳಿಂದ ಅದು ಸ್ಥಿರಪಟ್ಟಿತು. ಸರ್ಕಾರವು ಮನುಷ್ಯರನ್ನು ಶೋಧಿಸುತ್ತಿದ್ದಾಗ ರೈತನು ಇಲಿಯನ್ನು ನೋಡುತ್ತಿದ್ದನು. ಶತಮಾನವು ತಿರುಗುವ ವೇಳೆಗೆ ಸರ್ಕಾರವೂ ಬಲಾತ್ಕಾರವನ್ನು ಬಹುಮಟ್ಟಿಗೆ ಕೈಬಿಟ್ಟು, ಜನರ ಸಮ್ಮತಿಯಿಂದ ಊರು ಬಿಡಿಸುವ, ಜಾತಿಮತಗಳ ಮುಖಂಡರ ನೆರವಿನಿಂದ ಆಸ್ಪತ್ರೆಗಳನ್ನು ನಡೆಯಿಸುವ ಮಾರ್ಗಕ್ಕೆ ಬಂದಿತು.

ಈ ಪಾಠವು ಮುಂದಿನವರಿಗೆ ನೆನಪಿನಲ್ಲಿ ಉಳಿಯಿತೇ? ೧೯೧೮ರ ಇನ್‌ಫ್ಲುಯೆಂಜಾದಲ್ಲಿ ದೇಶದಲ್ಲಿ ಸತ್ತವರು ಸುಮಾರು ೬೦ ಲಕ್ಷವೆಂದು ಮೊದಲ ಸರ್ಕಾರಿ ಅಂದಾಜು ಹೇಳಿತು. ೧೯೨೧ರ ಜನಗಣತಿಯ ಬಳಿಕ ಅದು ೧ ಕೋಟಿ ೨೦ ಲಕ್ಷವನ್ನು ದಾಟಿತು. ಆಮೇಲಿನ ವಿದ್ವಾಂಸರು ಇನ್ನೂ ಮೇಲಕ್ಕೆ ಹೋದರು. ನೂರು ವರ್ಷಗಳ ಬಳಿಕ ಕೋವಿಡ್ ಬಂದಾಗ ೧೮೯೭ರ ಕಾಯಿದೆಯೇ ಮತ್ತೆ ಕೈಗೆ ಬಂದಿತು. ೨೦೨೦ರ ಮಾರ್ಚ್ ೨೪ರ ರಾತ್ರಿ, ಕೇವಲ ನಾಲ್ಕು ಗಂಟೆಗಳ ಮುನ್ಸೂಚನೆಯಿಂದ, ದೇಶಕ್ಕೆ ದೇಶವೇ ೨೧ ದಿನಗಳ ಲಾಕ್‌ಡೌನಿಗೆ ಒಳಪಟ್ಟಿತು. ಕೂಲಿಕಾರರು ನೂರಾರು ಮೈಲಿ ನಡೆದು ಊರು ಸೇರಿದರು. ಕರ್ನಾಟಕದಲ್ಲಿ ಮನೆಯಲ್ಲಿಯೇ ಇರಬೇಕಾದವರ ಕೈಗೆ ಮುದ್ರೆಯೊತ್ತಿದರು. ಹಲವೆಡೆ ರೋಗಿಯ ಮನೆಯ ಬಾಗಿಲಿಗೆ ಭಿತ್ತಿಪತ್ರ ಅಂಟಿಸಿದರು. ಸಮರ್ಥ ಅಧಿಕಾರಿಯ ವಿಶೇಷ ಆಜ್ಞೆಯಿಲ್ಲದೆ ಹಾಗೆ ಅಂಟಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು ಆ ವರ್ಷದ ಡಿಸೆಂಬರಿನಲ್ಲಿ ಹೇಳಬೇಕಾಯಿತು. ಲಂಡನ್ನಿನ ಕೆಂಪು ಶಿಲುಬೆಯು ಮುನ್ನೂರೈವತ್ತು ವರ್ಷ ದಾಟಿ ಬಂದಿದ್ದಿತು.

ಲೆಕ್ಕದ ಜಗಳವೂ ಹಳೆಯ ಹಾದಿಯನ್ನೇ ಹಿಡಿಯಿತು. ೨೦೨೧ರ ಅಂತ್ಯದವರೆಗೆ ಕೋವಿಡ್ ಮರಣಗಳು ಸುಮಾರು ೪ ಲಕ್ಷ ೮೧ ಸಾವಿರವೆಂಬುದು ಭಾರತ ಸರ್ಕಾರದ ಲೆಕ್ಕ. ವಾಡಿಕೆಗಿಂತ ಹೆಚ್ಚಾದ ಸಾವುಗಳು ಸುಮಾರು ೪೭ ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರ ಮೇ ತಿಂಗಳಲ್ಲಿ ಅಂದಾಜು ಮಾಡಿತು; ಅದರ ಗಣಿತಕ್ರಮವನ್ನು ಸರ್ಕಾರವು ಆಕ್ಷೇಪಿಸಿತು. ೨೦೨೫ರಲ್ಲಿ ಹೊರಬಂದ ಮರಣ ನೋಂದಣಿಯ ಅಂಕಿಗಳಂತೆ, ೨೦೨೦ರಲ್ಲಿ ಸುಮಾರು ೮೧ ಲಕ್ಷವಿದ್ದ ನೋಂದಣಿ ೨೦೨೧ರಲ್ಲಿ ೧ ಕೋಟಿ ೨ ಲಕ್ಷಕ್ಕೆ ಏರಿದ್ದಿತು. ಈ ಏರಿಕೆಯಲ್ಲಿ ನೋಂದಣಿ ಸುಧಾರಿಸಿದ ಪಾಲೂ ಉಂಟು. ಬೇರೆ ರೋಗಗಳಿಗೆ ಚಿಕಿತ್ಸೆ ಸಿಗದೆ ಸತ್ತವರ ಪಾಲೂ ಇರಬಹುದು. ಆದರೆ ಗ್ರಾಂಟನ ವ್ಯವಕಲನವನ್ನು ಅಲ್ಲಗಳೆಯುವುದಕ್ಕೆ ಇವಷ್ಟೇ ಸಾಲವು.

ಇದರಿಂದ ನಿರ್ಬಂಧವೇ ಕೂಡದೆಂಬ ಸಿದ್ಧಾಂತವು ಹೊರಡದು. ಊರು ಬಿಟ್ಟು ಹೊಲ ಸೇರಿದ ರೈತನೂ ನಿರ್ಬಂಧಕ್ಕೆ ಒಳಪಟ್ಟವನೇ. ಆದರೆ ಅದನ್ನು ಅವನು ತಾನೇ ವಿಧಿಸಿಕೊಂಡಿದ್ದನು. ರೋಗಿಯ ಹೆಸರನ್ನು ಹೇಳಿದವನ ಮನೆಗೆ ಸಿಪಾಯಿ ಬರುವನೋ ವೈದ್ಯನು ಬರುವನೋ ಎಂಬುದರ ಮೇಲೆ ಆ ರಾಜ್ಯದ ಅಂಕಿಗಳ ಸತ್ಯವು ನಿಂತಿದೆ. ಅನ್ನವೂ ಔಷಧವೂ ಬರುವ ಮನೆಯಲ್ಲಿ ಯಾರೂ ಹೆಣವನ್ನು ಬಚ್ಚಿಡುವುದಿಲ್ಲ. ಸತ್ತವರಿಗೆ ರಾಜ್ಯವು ಸಲ್ಲಿಸಬಹುದಾದ ಕಡೆಯ ಗೌರವವೆಂದರೆ ಅವರನ್ನು ಎಣಿಕೆಯಿಂದ ಬಿಡದಿರುವುದು. ಬದುಕಿದವರಿಗೆ ಅದು ಕೊಡಬಹುದಾದ ಮೊದಲ ರಕ್ಷಣೆಯೂ ಅದೇ ಆಗಿದೆ.