ಗಂಗೋತ್ರಿಯ ಆರು ರನ್ನುಗಳು

ರಣಜಿ ಟ್ರೋಫಿಯನ್ನು ಕರ್ನಾಟಕವು ಹಲವು ಬಾರಿ ಗೆದ್ದಿದೆ. ಆದರೂ ನನ್ನ ನೆನಪಿನಲ್ಲಿ ಗಾಢವಾಗಿ ಉಳಿದಿರುವುದು ಸೋತ ಒಂದು ಫೈನಲ್.

2010ರ ಜನವರಿ 11ರಂದು ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ಮುಂಬಯಿ ಎದುರು ಪಂದ್ಯ ಆರಂಭವಾಯಿತು. 1998-99ರ ನಂತರ ನಮಗೆ ಟ್ರೋಫಿ ದಕ್ಕಿರಲಿಲ್ಲ. ದ್ರಾವಿಡ್ ಭಾರತ ತಂಡದೊಡನೆ ಬಾಂಗ್ಲಾದೇಶ ಪ್ರವಾಸದಲ್ಲಿದ್ದುದರಿಂದ ನಾಯಕತ್ವ ರಾಬಿನ್ ಉತ್ತಪ್ಪನವರದು. ಮುಂಬಯಿ 233, ಕರ್ನಾಟಕ ಕೇವಲ 130! ಆವಿಷ್ಕಾರ್ ಸಾಳ್ವಿ ಐದು ವಿಕೆಟ್ ಕಿತ್ತಿದ್ದರು. ನನ್ನ ಅಭಿಪ್ರಾಯದಲ್ಲಿ ಪಂದ್ಯ ಸೋತದ್ದು ಅಲ್ಲಿಯೇ, ಕೊನೆಯ ದಿನವಲ್ಲ.

ಎರಡನೆಯ ಸರದಿಯಲ್ಲಿ ಅಭಿಮನ್ಯು ಮಿಥುನ್ ಆರು ವಿಕೆಟ್ ಪಡೆದರೂ, ಬೌಲರ್ ಧವಳ್ ಕುಲಕರ್ಣಿ 87 ರನ್ ಗಳಿಸಿಬಿಟ್ಟರು. ಮೊತ್ತ 234. ಗೆಲುವಿಗೆ 338 ಬೇಕು.

ಆಗ ಇಪ್ಪತ್ತರ ಹರೆಯದ ಮನೀಶ್ ಪಾಂಡೆ, ಗಣೇಶ್ ಸತೀಶ್ ಜೊತೆಗೂಡಿ ಇನ್ನೂರಕ್ಕೂ ಮಿಕ್ಕಿ ರನ್ ಸೇರಿಸಿದರು. ಪಾಂಡೆ 144, ಸತೀಶ್ 75. ಮೈದಾನವೆಲ್ಲ ಜನ. ಅಂದು 14ನೇ ತಾರೀಖು, ಸಂಕ್ರಮಣ. ನಮ್ಮ ಕಡೆ ಮಾದೇಲಿ, ಸಜ್ಜೆರೊಟ್ಟಿ ಉಣ್ಣುವ ದಿನ. ಜೊತೆಯಾಟ ಮುರಿದದ್ದೇ ತಡ, ವಿಕೆಟ್‌ಗಳು ಒಂದರ ಹಿಂದೊಂದು ಉರುಳಿದವು. ಅಜಿತ್ ಅಗರ್ಕರ್ ಐದು ವಿಕೆಟ್ ಪಡೆದರು. ಕರ್ನಾಟಕ 331ಕ್ಕೆ ಆಲೌಟ್. ವಾಸಿಂ ಜಾಫರ್ ನೇತೃತ್ವದ ಮುಂಬಯಿಗೆ ಆರು ರನ್ನುಗಳ ಗೆಲುವು, 39ನೆಯ ಟ್ರೋಫಿ.

ಮುಂದೆ 2013-14ರಲ್ಲಿ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನೂ, ಮರುವರ್ಷ ಮುಂಬಯಿಯ ವಾಂಖೆಡೆಯಲ್ಲೇ ತಮಿಳುನಾಡನ್ನೂ ಮಣಿಸಿ ಕರ್ನಾಟಕ ಟ್ರೋಫಿ ಎತ್ತಿತು. ಆ ಎರಡೂ ತಂಡಗಳಲ್ಲಿ ಪಾಂಡೆ ಇದ್ದರು.