ಬೋಟಿನ ಕ್ಯಾಬಿನ್ ನೆಲ ಬದಲಿಸ್ತೀರಾ? ಮೇಲೆ ಏನು ಹಾಸೋದು ಅನ್ನೋ ಮೊದಲು ಕೆಳಗೆ ನೋಡಿ

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮಲ್ಪೆ, ಗಂಗೊಳ್ಳಿಯಲ್ಲಿ ಬಲೆ, ಎಂಜಿನ್, ಪೇಂಟ್ ಕೆಲಸ ಎಲ್ಲಾ ಈ ರಜೆಯಲ್ಲೇ ಮುಗಿಯಬೇಕು. ಕ್ಯಾಬಿನ್ ನೆಲದ ಸರದಿ ಬರೋದು ಕೊನೆಗೆ. ಜುಲೈ ಕೊನೇ ವಾರ ಒಂದು ಶೀಟ್ ತಂದು ಹಳೇ ಹಲಗೆ ಮೇಲೆಯೇ ಬಡಿದು, ಅದರ ಮೇಲೆ ವಿನೈಲ್ ಅಂಟಿಸಿ ಮುಗಿಸುವುದೂ ಉಂಟು.

ಹೀಗೆ ಮಾಡಿದ ನೆಲ ಮುಂದಿನ ರಜೆವರೆಗೆ ಬಾಳುವುದು ಕಷ್ಟ. ಕ್ಯಾಬಿನ್ ನೆಲ ಹಾಳಾಗುವುದು ಹೆಚ್ಚಾಗಿ ಕೆಳಗಿನಿಂದ. ತಳದಲ್ಲಿ ನಿಂತ ನೀರಿನ ಆವಿ, ಎಂಜಿನ್ ಬಿಸಿ, ಮೇಲಿಂದ ಸಂದಿಯಲ್ಲಿ ಇಳಿದ ಉಪ್ಪುನೀರು ಮೂರೂ ಸೇರಿ ಹಲಗೆಯ ಅಂಚನ್ನು ಕೊಳೆಸುತ್ತವೆ. ವಾರಗಟ್ಟಲೆ ಕಡಲಲ್ಲಿ ಇರುವ ಬೋಟಿನಲ್ಲಿ ತಾಂಡೇಲ, ಕೆಲಸದವರು ಮಲಗೋದು, ಓಡಾಡೋದು ಅದೇ ನೆಲದ ಮೇಲೆ.

ಯಾವುದು ಆಗುತ್ತೆ, ಯಾವುದು ಆಗಲ್ಲ

ಮರೈನ್ ಪ್ಲೈವುಡ್: ದುಡಿಯುವ ಬೋಟಿಗೆ ಇದೇ ಸೂಕ್ತ. ಆದರೆ ಶೀಟ್ ಮೇಲೆ 'ಮರೈನ್', 'ವಾಟರ್‌ಪ್ರೂಫ್' ಅಂತ ಬರೆದಿದ್ದರೆ ಸಾಲದು. ಐಎಸ್ಐ ಗುರುತಿನ ಜೊತೆ ಐಎಸ್ 710 ಅಂತ ಇರಬೇಕು. ಐಎಸ್ 303 ಅಂದರೆ ಸಾಮಾನ್ಯ ಬಳಕೆಯ ಪ್ಲೈವುಡ್, ಮನೆ ಕಪಾಟಿಗೆ ಸರಿ. ಗುರುತಿನ ಜೊತೆ ಇರುವ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ಅಲ್ಲವೋ ಗೊತ್ತಾಗುತ್ತೆ.

ಪಿವಿಸಿ ಬೋರ್ಡ್: ನೀರಿಗೆ ಕೊಳೆಯಲ್ಲ. ಆದರೆ ಬಿಸಿಗೆ ಮೆತ್ತಗಾಗಿ ಬಾಗುತ್ತೆ, ಸ್ಕ್ರೂ ಹಿಡಿತವೂ ಕಡಿಮೆ. ಎಂಜಿನ್ ಮೇಲಿನ ಜಾಗಕ್ಕೆ ಬೇಡ.

ವಿನೈಲ್ ಶೀಟ್: ತೊಳೆಯಲು ಸುಲಭ. ಪೂರ್ತಿ ಗಮ್ ಹಾಕಿ ಅಂಟಿಸಿದರೆ ಅಡಿಯಲ್ಲಿ ಸೇರಿದ ನೀರು ಹೊರಗೆ ಬರಲ್ಲ. ಮೀನೆಣ್ಣೆ, ಡೀಸೆಲ್ ಬಿದ್ದರೆ ಜಾರುತ್ತೆ. ಅದರ ಬದಲು ಎತ್ತಿ ಒಣಗಿಸಬಹುದಾದ ರಬ್ಬರ್ ಮ್ಯಾಟ್ ಒಳ್ಳೆಯದು.

ಅಲ್ಯೂಮಿನಿಯಂ ಚೆಕ್ಕರ್ ಪ್ಲೇಟ್: ಎಂಜಿನ್ ರೂಮ್ ಬಾಗಿಲ ಬಳಿ ಗಟ್ಟಿ. ಆದರೆ ಉಪ್ಪುನೀರಿನಲ್ಲಿ ಕಬ್ಬಿಣಕ್ಕೆ ನೇರ ತಾಗಿದರೆ ಅಲ್ಯೂಮಿನಿಯಂ ಬೇಗ ಸವೆಯುತ್ತೆ. ನಡುವೆ ರಬ್ಬರ್ ಪಟ್ಟಿ ಕೊಡಬೇಕು.

ಮನೆಗೆ ಹಾಕುವ ಲ್ಯಾಮಿನೇಟ್ ಹಲಗೆ ನೀರು ಕುಡಿದು ಉಬ್ಬುತ್ತೆ. ಟೈಲ್ಸ್ ಭಾರ, ಎಂಜಿನ್ ನಡುಕಕ್ಕೆ ಬಿರುಕು ಬಿಡುತ್ತೆ. ಕಾರ್ಪೆಟ್ ಒಮ್ಮೆ ಉಪ್ಪುನೀರು ಕುಡಿದರೆ ಒಣಗುವುದೇ ಇಲ್ಲ, ಉಪ್ಪು ಗಾಳಿಯ ತೇವ ಎಳೆಯುತ್ತಲೇ ಇರುತ್ತೆ. ಈ ಮೂರೂ ಬೇಡ.

ಎಷ್ಟು ಶೀಟ್ ಬೇಕು

ಬರೀ ಚದರಡಿ ಲೆಕ್ಕ ನಂಬಿದರೆ ಮೋಸ. 9 ಅಡಿ ಉದ್ದ, 7 ಅಡಿ ಅಗಲದ ಕ್ಯಾಬಿನ್ ಅಂದರೆ 63 ಚದರಡಿ. 8x4 ಅಡಿಯ ಎರಡು ಶೀಟ್ 64 ಚದರಡಿ ಆಯ್ತಲ್ಲ ಅನ್ನಿಸುತ್ತೆ. ಆದರೆ ಉದ್ದದಲ್ಲಿ ಒಂದಡಿ ಕಡಿಮೆ ಬೀಳುತ್ತೆ, ಅದನ್ನು ಅಗಲದಲ್ಲಿ ಉಳಿದ ಒಂದಡಿ ಪಟ್ಟಿಯಿಂದಲೇ ತುಂಬಿಸಬೇಕಾಗುತ್ತೆ. ಒಂದು ಕಡೆ ತಪ್ಪಿ ಕತ್ತರಿಸಿದರೂ ಸಾಲಲ್ಲ, ಹಾಗಾಗಿ ಮೂರನೇ ಶೀಟ್ ತಂದಿಟ್ಟರೆ ಒಳ್ಳೆಯದು. ಉಳಿದದ್ದು ಮುಚ್ಚಳಗಳಿಗೆ ಬರುತ್ತೆ.

ಅಡಿಯ ಅಡ್ಡಮರಗಳ ನಡುವೆ ಒಂದಡಿ ಅಂತರ ಇದ್ದರೆ ಸಾಮಾನ್ಯವಾಗಿ 12 ಎಂಎಂ ಸಾಕು. ಅದಕ್ಕಿಂತ ಹೆಚ್ಚಿದ್ದರೆ 18 ಎಂಎಂ ಹಾಕಿ, ಇಲ್ಲವೇ ನಡುವೆ ಇನ್ನೊಂದು ಅಡ್ಡಮರ ಕೊಡಿ.

ಕೀಳುವ ಮೊದಲು

ಗ್ಯಾಸ್ ಸಿಲಿಂಡರ್ ಹೊರಗಿಡಿ, ಬ್ಯಾಟರಿ ಕನೆಕ್ಷನ್ ತೆಗೆಯಿರಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಕಿಟಕಿಯಿಂದ ಹೋಗಲ್ಲ, ನೆಲದ ಸಂದಿಯಿಂದ ಇಳಿದು ತಳದಲ್ಲಿ ನಿಲ್ಲುತ್ತೆ. ತಳ ಗಾಳಿಯಾಡುವವರೆಗೆ ವೆಲ್ಡಿಂಗ್, ಗ್ರೈಂಡಿಂಗ್, ಬೀಡಿ ಯಾವುದೂ ಬೇಡ. ಡೀಸೆಲ್ ಪಸೆ ಇದ್ದರೆ ಮೊದಲು ತೊಳೆದು ತೆಗೆಯಿರಿ.

ಹಲಗೆ ತೆಗೆದಾಗ ವೈರ್, ಪೈಪ್ ಎಲ್ಲೆಲ್ಲಿ ಹೋಗಿವೆ ಅಂತ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಹೊಸ ಸ್ಕ್ರೂ ಅದರೊಳಗೆ ಇಳಿಯಬಾರದು. ಹಳೇ ಹಲಗೆ ಬಿಸಾಡಬೇಡಿ, ಅದೇ ಅಳತೆಯ ನಮೂನೆ.

ಒಣಗಿಸುವುದೇ ದೊಡ್ಡ ಕೆಲಸ

ಅಡ್ಡಮರಗಳನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಮೆತ್ತಗೆ ಇಳಿದರೆ ಆ ಮರ ಬದಲಿಸಬೇಕು. ಸ್ಟೀಲ್ ಬೋಟಿನಲ್ಲಿ ತುಕ್ಕು ಕೆರೆದು ಪ್ರೈಮರ್ ಹೊಡೆಯಬೇಕು. ಫೈಬರ್ ಆದರೆ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ ಕಡೆ ಪದರ ಬಿಟ್ಟಿರುವ ಸಾಧ್ಯತೆ ಇದೆ.

ನಂತರ ಸಿಹಿನೀರಿನಲ್ಲಿ ತೊಳೆದು ಉಪ್ಪು ತೆಗೆಯಿರಿ. ಮಳೆಗಾಲದಲ್ಲಿ ತಾನಾಗಿ ಒಣಗಲ್ಲ. ಮೇಲೆ ಟಾರ್ಪಾಲು ಕಟ್ಟಿ, ಒಳಗೆ ಫ್ಯಾನ್ ಇಟ್ಟು ಕೆಲವು ದಿನ ಬಿಡಬೇಕು. ಒಣಗಿದೆಯೋ ಇಲ್ಲವೋ ನೋಡಲು ಸುಲಭ ದಾರಿ ಇದೆ: ಒಂದು ತುಂಡು ಪ್ಲಾಸ್ಟಿಕ್ ಹಾಳೆಯನ್ನು ಮರಕ್ಕೆ ಟೇಪ್ ಹಾಕಿ ಅಂಟಿಸಿ ರಾತ್ರಿ ಬಿಡಿ. ಬೆಳಿಗ್ಗೆ ಒಳಗಡೆ ಹನಿ ಕಂಡರೆ ಇನ್ನೂ ತೇವ ಇದೆ ಅಂತ ಅರ್ಥ. ಈ ಕಾರಣಕ್ಕೇ ನೆಲದ ಕೆಲಸ ಜೂನ್ ಮೊದಲ ವಾರ ಶುರು ಮಾಡಬೇಕು.

ಹಾಕುವ ಕ್ರಮ

1. ನಮೂನೆ ಇಟ್ಟು ಕತ್ತರಿಸಿ. ಗೋಡೆಗೆ ತಾಗಿಸಬೇಡಿ, 3ರಿಂದ 5 ಎಂಎಂ ಸಂದಿ ಬಿಡಿ. ಒಮ್ಮೆ ಹಾಗೇ ಇಟ್ಟು ಕೂರುತ್ತಾ ನೋಡಿ.

2. ಸ್ಕ್ರೂ ತೂತುಗಳನ್ನು ಈಗಲೇ ಕೊರೆಯಿರಿ. ಆಮೇಲೆ ಎರಡೂ ಮುಖ, ನಾಲ್ಕೂ ಅಂಚು, ತೂತುಗಳ ಒಳಗೆ ಎಪಾಕ್ಸಿ ಎರಡು-ಮೂರು ಕೋಟ್ ಹೊಡೆಯಿರಿ. ನೀರು ಕುಡಿಯುವುದು ಅಂಚಿನಿಂದ, ಅಲ್ಲಿ ಒಂದು ಕೋಟ್ ಜಾಸ್ತಿಯೇ ಇರಲಿ. ಹಾರ್ಡನರ್ ಅಳತೆ ಕಣ್ಣಂದಾಜಲ್ಲಿ ಬೇಡ.

3. ಫೈಬರ್ ಹೊದಿಸುವುದಾದರೆ ಕ್ಯಾಟಲಿಸ್ಟ್ ಮತ್ತು ಆಕ್ಸಿಲರೇಟರನ್ನು ಯಾವ ಕಾರಣಕ್ಕೂ ನೇರವಾಗಿ ಒಂದಕ್ಕೊಂದು ಬೆರೆಸಬೇಡಿ, ಸ್ಫೋಟ ಆಗಬಹುದು. ಒಂದನ್ನು ರೆಸಿನ್‌ಗೆ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು. ಕನ್ನಡಕ, ಗ್ಲೌಸ್ ಬೇಕೇ ಬೇಕು. ಅಂಗಡಿಯವರೂ ಇದನ್ನು ಗಿರಾಕಿಗೆ ಹೇಳಿ ಕೊಡಬೇಕು.

4. ಅಡ್ಡಮರಕ್ಕೆ ಗಮ್ ಹಾಕಬೇಡಿ. 316 ಗ್ರೇಡಿನ ಸ್ಟೇನ್‌ಲೆಸ್ ಸ್ಕ್ರೂ ಹಾಕಿದರೆ ಮುಂದಿನ ವರ್ಷ ಬಿಚ್ಚಬಹುದು. ಕಬ್ಬಿಣದ ಮೊಳೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ತಿನ್ನುತ್ತೆ.

5. ಜಾರದಂತೆ ಮಾಡಲು ಹಸಿ ಪೇಂಟ್ ಮೇಲೆ ಸಣ್ಣ ಒಣ ಮರಳು ಉದುರಿಸಿ, ಒಣಗಿದ ಮೇಲೆ ಇನ್ನೊಂದು ಕೋಟ್ ಕೊಡಿ. ಕಡಲ ಮರಳು ಬೇಡ, ಅದರಲ್ಲಿ ಉಪ್ಪಿದೆ. ಮಲಗುವ ಜಾಗ ನುಣುಪಾಗಿಯೇ ಇರಲಿ.

ಮುಚ್ಚಳ ಮರೆತರೆ ಅಪಾಯ

ಹೊಸ ನೆಲ ಚೆಂದ ಕಾಣಲಿ ಅಂತ ಹಳೇ ಮುಚ್ಚಳಗಳನ್ನು ಮುಚ್ಚಿ ಒಂದೇ ಹಲಗೆ ಹಾಕುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಕಡಲ ನಡುವೆ ತಳದಲ್ಲಿ ನೀರು ಏರಿದರೆ ಮೊದಲು ಕೈ ಹೋಗಬೇಕಾದ್ದು ಪಂಪ್, ವಾಲ್ವ್, ಪೈಪ್ ಜೋಡಣೆಗೆ. ಅಲ್ಲಿ ನೆಲ ಒಡೆಯುತ್ತಾ ಕೂರೋಕಾಗಲ್ಲ. ಇವುಗಳ ಮೇಲೆಲ್ಲಾ ಮುಚ್ಚಳ ಇರಬೇಕು. ಉಪಕರಣ ಇಲ್ಲದೆ, ಕತ್ತಲಲ್ಲೂ ಒಬ್ಬನೇ ಎತ್ತುವಂತಿರಬೇಕು. ಬೋಟು ಹೊಯ್ದಾಡಿದಾಗ ಹಾರದಂತೆ ಚಿಲಕವೂ ಬೇಕು. ಮುಚ್ಚಳಕ್ಕೆ ಬೆರಳು ತೂರುವ ತೂತುಗಳಿದ್ದರೆ ಎತ್ತಲೂ ಆಯ್ತು, ತಳಕ್ಕೆ ಗಾಳಿಯೂ ಆಯ್ತು.

ಆಗಸ್ಟ್‌ನಲ್ಲಿ ಮೊದಲ ಟ್ರಿಪ್ ಮುಗಿಸಿ ಬಂದ ದಿನವೇ ಮುಚ್ಚಳಗಳನ್ನು ಎತ್ತಿ ಅಡಿಯನ್ನು ಟಾರ್ಚ್ ಹಾಕಿ ನೋಡಿ. ಎಂಜಿನ್ ನಡುಕಕ್ಕೆ ಸಡಿಲಾದ ಸ್ಕ್ರೂ ಬಿಗಿ ಮಾಡಿ. ಅಂಚಲ್ಲಿ ಕಪ್ಪು ಕಲೆ ಕಂಡರೆ ಕೆರೆದು, ಒಣಗಿಸಿ, ಎಪಾಕ್ಸಿ ಹಚ್ಚಿ. ಆಮೇಲೆ ತಿಂಗಳಿಗೊಮ್ಮೆ ನೋಡ್ತಾ ಇದ್ದರೆ ಸಾಕು.