ಎಳೆತದ ಲೆಕ್ಕ: ಹಿರೇಗುತ್ತಿ ದಾರಿಯ ಪಿಕಪ್ ಎಂಜಿನ್‌ಗಳ ಕುರಿತು ಒಂದು ಟಿಪ್ಪಣಿ

ಉತ್ತರ ಕನ್ನಡದ ಕರಾವಳಿಯಲ್ಲಿ ಪಿಕಪ್ ಓಡಿಸುವವರು ಎಂಜಿನ್ನಿನ ಗುಣವನ್ನು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ: ‘ಎಳೆತ ಇದೆ’, ಇಲ್ಲವೇ ‘ಗಾಡಿ ಎಳೆಯೂದಿಲ್ಲ’. ಗಾಡಿಯ ಹಿಂದೆ ಟ್ರೇಲರ್ ಇರುವುದಿಲ್ಲ. ಎಳೆಯಬೇಕಾದದ್ದು ಬೆನ್ನ ಮೇಲಿನ ಲೋಡನ್ನು, ಅದೂ ಏರಿನಲ್ಲಿ. ಕಂಪನಿಗಳ ಕರಪತ್ರದಲ್ಲಿ ಮಾತ್ರ ಎಳೆತ ಎಂಬ ಕಾಲಂ ಇಲ್ಲ. ಅಶ್ವಶಕ್ತಿ ಇದೆ, ಟಾರ್ಕ್ ಇದೆ, ಹೊರುವ ತೂಕ ಇದೆ. ಚಾಲಕರ ಆ ಒಂದು ಪದ ಈ ಮೂರರಲ್ಲಿ ಯಾವುದನ್ನು ಅಳೆಯುತ್ತದೆ ಎಂದು ನೋಡುವುದು ಈ ಟಿಪ್ಪಣಿಯ ಉದ್ದೇಶ.

1. ಸ್ಥಳ ಮತ್ತು ಲೋಡು

ಕುಮಟಾ ತಾಲ್ಲೂಕಿನ ಹಿರೇಗುತ್ತಿ ರಾಷ್ಟ್ರೀಯ ಹೆದ್ದಾರಿ 66ರ ಮೇಲಿದೆ. ದಕ್ಷಿಣಕ್ಕೆ ಅಘನಾಶಿನಿ, ಉತ್ತರಕ್ಕೆ ಗಂಗಾವಳಿ. ಹತ್ತಿರದಲ್ಲೇ ತದಡಿಯ ಮೀನುಗಾರಿಕೆ ಬಂದರು, ಸಾಣಿಕಟ್ಟಾದ ಉಪ್ಪಿನ ಆಗರ, ಗಜನಿಯ (ನದೀಮುಖದ ಉಪ್ಪುನೀರಿನ ಗದ್ದೆಗಳ) ಶೆಟ್ಲಿ, ಅಂದರೆ ಸೀಗಡಿ, ಕೆರೆಗಳು ಇವೆ. ಹೀಗಾಗಿ ಇಲ್ಲಿ ಪಿಕಪ್ ಹೊರುವ ಸರಕು ಬಹುಪಾಲು ಒದ್ದೆಯಾದದ್ದು, ಇಲ್ಲವೇ ಉಪ್ಪಾದದ್ದು. ಕರಾವಳಿಯ ಹೆದ್ದಾರಿ ಹೆಚ್ಚುಕಡಿಮೆ ಸಮತಟ್ಟು. ಅಲ್ಲಿ ಯಾವ ಎಂಜಿನ್ನಾದರೂ ನಡೆಯುತ್ತದೆ. ಮೀನು ಶಿರಸಿಗೆ ಹೋಗಬೇಕಾದರೆ ದೇವಿಮನೆ ಘಟ್ಟ, ಹುಬ್ಬಳ್ಳಿಗೆ ಹೋಗಬೇಕಾದರೆ ಅರಬೈಲು ಘಟ್ಟ ಹತ್ತಬೇಕು. ಎಂಜಿನ್‌ಗಳ ಅಂತರ ಬಯಲಾಗುವುದು ಅಲ್ಲಿ.

2. ಮೂರು ಎಂಜಿನ್‌ಗಳು

ಹೋಲಿಕೆಗೆ ಮೂರು ಬಗೆಯ ಎಂಜಿನ್‌ಗಳನ್ನು ತೆಗೆದುಕೊಂಡಿದ್ದೇನೆ. ಮೊದಲನೆಯದು 2005ರಲ್ಲಿ ಬಂದ ಟಾಟಾ ಏಸ್‌ನ ಮೂಲ ಎಂಜಿನ್: 702 ಸಿಸಿ, ಎರಡು ಸಿಲಿಂಡರ್, ಟರ್ಬೊ ಇಲ್ಲದ ಡೀಸೆಲ್, 16 ಅಶ್ವಶಕ್ತಿ, ಸುಮಾರು 38 ನ್ಯೂಟನ್ ಮೀಟರ್ ಟಾರ್ಕ್. ಎರಡನೆಯದು ಮಹೀಂದ್ರ ಬೊಲೆರೊ ಪಿಕಪ್‌ನ 2523 ಸಿಸಿ ಟರ್ಬೊ ಡೀಸೆಲ್: ನಾಲ್ಕು ಸಿಲಿಂಡರ್, 70ರಿಂದ 75 ಅಶ್ವಶಕ್ತಿ, 200 ನ್ಯೂಟನ್ ಮೀಟರ್. ಮೂರನೆಯದು ಮಾರುತಿ ಸೂಪರ್ ಕ್ಯಾರಿಯ 1.2 ಲೀಟರ್ ಪೆಟ್ರೋಲ್, 2023ರ ರೂಪ: ನಿಮಿಷಕ್ಕೆ 6000 ಸುತ್ತಿನಲ್ಲಿ 80 ಅಶ್ವಶಕ್ತಿ, 2900 ಸುತ್ತಿನಲ್ಲಿ 104 ನ್ಯೂಟನ್ ಮೀಟರ್.

ಅಶ್ವಶಕ್ತಿಯನ್ನೇ ನಂಬಿದರೆ ಪೆಟ್ರೋಲ್ ಗಾಡಿ ಮೊದಲು ಬರುತ್ತದೆ. ಟಾರ್ಕ್ ನಂಬಿದರೆ ಅದು ಬೊಲೆರೊದ ಅರ್ಧಕ್ಕೆ ಇಳಿಯುತ್ತದೆ. ಎರಡೂ ಅಂಕಿ ಸರಿಯೇ. ಆದರೆ ಎರಡರಲ್ಲೂ ಗಾಡಿಯ ತೂಕದ ಸುದ್ದಿಯೇ ಇಲ್ಲ.

3. ಟನ್ನಿಗೆ ಎಷ್ಟು?

ಟಾರ್ಕನ್ನು ಗೇರ್ ಪೆಟ್ಟಿಗೆ ಬೇಕಾದಷ್ಟು ಹಿಗ್ಗಿಸಬಲ್ಲದು, ಶಕ್ತಿಯನ್ನು ಹಿಗ್ಗಿಸಲಾರದು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಇದು: ಚಾಲಕ ನಿಜವಾಗಿ ಓಡಿಸುವ ಸುತ್ತಿನಲ್ಲಿ, ಲೋಡು ಸೇರಿದ ಪ್ರತಿ ಟನ್ನಿಗೆ ಎಂಜಿನ್ ಎಷ್ಟು ಕಿಲೊವ್ಯಾಟ್ ಕೊಡುತ್ತದೆ? ಟಾರ್ಕನ್ನು ಸುತ್ತಿನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೊವ್ಯಾಟ್ ಸಿಗುತ್ತದೆ. ನಿಮಿಷಕ್ಕೆ 2000 ಸುತ್ತು ಎಂದಿಟ್ಟುಕೊಂಡು ಮೂರಕ್ಕೂ ಈ ಲೆಕ್ಕ ಹಾಕಿದೆ.

ಏಸ್‌ಗೆ ಸಿಗುವುದು 8 ಕಿಲೊವ್ಯಾಟ್. ತುಂಬಿದ ಗಾಡಿಯ ತೂಕ 1.55 ಟನ್, ಟನ್ನಿಗೆ ಸುಮಾರು 5. ಬೊಲೆರೊಗೆ 42 ಕಿಲೊವ್ಯಾಟ್. ತುಂಬಿದ ತೂಕ 3 ಟನ್ ಎಂದು ಹಿಡಿದರೆ ಟನ್ನಿಗೆ 14. ಸೂಪರ್ ಕ್ಯಾರಿಗೆ ಹೆಚ್ಚೆಂದರೆ 22 ಕಿಲೊವ್ಯಾಟ್. ತುಂಬಿದ ತೂಕ ಸುಮಾರು 1.6 ಟನ್, ಟನ್ನಿಗೆ ಅಲ್ಲೂ 14ರ ಆಸುಪಾಸು. ಕರಪತ್ರದಲ್ಲಿ ಒಂದಕ್ಕೊಂದು ವಿರುದ್ಧ ದಿಕ್ಕಿಗೆ ನಿಂತಿದ್ದ ಡೀಸೆಲ್, ಪೆಟ್ರೋಲ್ ಎರಡೂ ಈ ಸುತ್ತಿನಲ್ಲಿ ಘಟ್ಟವನ್ನು ಜೊತೆಜೊತೆಯಾಗಿ ಹತ್ತುತ್ತವೆ. ವ್ಯತ್ಯಾಸವೆಂದರೆ ಬೊಲೆರೊ ಅದೇ ಎಳೆತದಲ್ಲಿ ಹೆಚ್ಚುಕಡಿಮೆ ಎರಡರಷ್ಟು ಸರಕು ಒಯ್ಯುತ್ತದೆ.

ನೂರು ಮೀಟರಿಗೆ ಎಂಟು ಮೀಟರ್ ಏರುವ ದಾರಿ, ಚಕ್ರದ ಉರುಳಿಕೆಗೆ ತೂಕದ ಶೇ. 1.5ರಷ್ಟು ತಡೆ, ಗೇರ್–ಆಕ್ಸಲ್‌ಗಳಲ್ಲಿ ಶೇ. 15ರಷ್ಟು ಸೋರಿಕೆ ಎಂದುಕೊಂಡರೆ, ಏಸ್ ತನ್ನ ಪೂರ್ತಿ 16 ಅಶ್ವಶಕ್ತಿ ಸುರಿದರೂ ಗಂಟೆಗೆ 25 ಕಿ.ಮೀ. ದಾಟುವುದಿಲ್ಲ. ತಕ್ಕ ಗೇರಿನಲ್ಲಿ ಬೊಲೆರೊ 2000 ಸುತ್ತಿನಲ್ಲೇ 45ರ ಹತ್ತಿರ ಹೋಗುತ್ತದೆ. ಅದೇ ಬೊಲೆರೊಗೆ ಇನ್ನೊಂದು ಟನ್ ಹೇರಿ ನೋಡಿ: ಟನ್ನಿಗೆ 14 ಇದ್ದದ್ದು ಹತ್ತೂವರೆಗೆ ಇಳಿಯುತ್ತದೆ. ‘ಹೊಸತರಲ್ಲಿ ಎಳೀತಿತ್ತು, ಈಗ ಎಳೆಯೂದಿಲ್ಲ’ ಎಂಬ ದೂರು ಬಂದಾಗ ಪಂಪು, ಇಂಜೆಕ್ಟರ್ ಬಿಚ್ಚುವ ಮೊದಲು ತೂಕದ ಚೀಟಿ ನೋಡುವುದು ಒಳ್ಳೆಯದು.

ಟ್ರೇಲರ್ ಎಳೆಯುವ ಅಮೆರಿಕದಲ್ಲೂ ಅಳತೆಗೋಲು ಘಟ್ಟವೇ. ಅಲ್ಲಿಯ ಎಸ್‌ಎಇ ಜೆ2807 ಎಂಬ ಮಾನದಂಡದ ಪ್ರಕಾರ, ಟ್ರೇಲರ್ ಕಟ್ಟಿದ ಸಾಮಾನ್ಯ ಪಿಕಪ್ ಅರಿಜೋನಾದ ಡೇವಿಸ್ ಡ್ಯಾಮ್ ಏರಿನ 18 ಕಿ.ಮೀ. ದಾರಿಯನ್ನು ಎ.ಸಿ. ಹಾಕಿಕೊಂಡೇ, ಬಿರುಬಿಸಿಲಲ್ಲಿ, ಗಂಟೆಗೆ 64 ಕಿ.ಮೀ.ಗಿಂತ ಕೆಳಗಿಳಿಯದೆ ಹತ್ತಬೇಕು. ಶೇ. 12ರ ಏರಿನಲ್ಲಿ ನಿಂತು ಮತ್ತೆ ಮತ್ತೆ ಹೊರಡಬೇಕು. ನಮ್ಮ ಚಾಲಕ ದೇವಿಮನೆಯ ತಿರುವಿನಲ್ಲಿ ಎದುರಿನ ಲಾರಿಗೆ ದಾರಿ ಬಿಟ್ಟು, ಹಾಫ್ ಕ್ಲಚ್‌ನಲ್ಲಿ ಮತ್ತೆ ಹೊರಡುವುದೂ ಇದೇ ಪರೀಕ್ಷೆ.

4. ಬಾಳಿಕೆ

ಎಳೆತದಲ್ಲಿ ಹಿಂದುಳಿದ ಏಸ್ ಬಾಳಿಕೆಯ ಪ್ರಶ್ನೆಯಲ್ಲಿ ಹಾಗೇ ಹಿಂದುಳಿಯುವುದಿಲ್ಲ. ಆ ಹಳೆಯ ಎಂಜಿನ್ನಿನಲ್ಲಿ ಕೆಡುವುದಕ್ಕೆ ಭಾಗಗಳೇ ಕಡಿಮೆ. ಬೊಲೆರೊದಂಥ ಕಾಮನ್ ರೈಲ್ ಡೀಸೆಲ್‌ನಲ್ಲಿ ಇಂಧನದ ಒತ್ತಡ ಸಾವಿರ ಬಾರ್ ಮೀರುತ್ತದೆ. ಡೀಸೆಲ್‌ನೊಳಗೆ ಸೇರಿದ ಚೂರು ನೀರೂ ಇಂಜೆಕ್ಟರನ್ನು ತಿನ್ನುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್6 ಎಂಬ ಹೊಗೆ ನಿಯಮ ಬಂದ ಮೇಲೆ ಡೀಸೆಲ್‌ನ ಗಂಧಕ 10 ಪಿಪಿಎಮ್‌ಗೆ ಇಳಿಯಿತು, ಹೊಗೆ ತಗ್ಗಿತು. ಸೆನ್ಸರ್, ವಯರಿಂಗ್ ಹೆಚ್ಚಿದವು.

ಹಿರೇಗುತ್ತಿಯ ಹತ್ತಿರ ಹೆದ್ದಾರಿ ಬದಿಗೆ ನಿಂತಿದ್ದ ಒಂದು ಮೀನಿನ ಪಿಕಪ್ಪಿನಡಿ ಬಗ್ಗಿ ನೋಡಿದ್ದೇನೆ. ಕ್ರೇಟಿನ ಮಂಜುಗಡ್ಡೆ ಕರಗಿದ ನೀರು ಹಲಗೆಯ ಸಂದಿಯಿಂದ ಚಾಸಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಬ್ಯಾಟರಿಯ ಅರ್ತ್ ವಯರ್ ಚಾಸಿಗೆ ಕೂಡುವ ಬೋಲ್ಟಿನ ತಲೆ ಕೆಂಪು ಹುಡಿಯಾಗಿತ್ತು. ಬೆರಳಲ್ಲಿ ತಿಕ್ಕಿದರೆ ಪದರ ಪದರವಾಗಿ ಏಳುತ್ತಿತ್ತು. ಎಂಜಿನ್ನೇನೋ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಆ ಅರ್ತ್ ಕಳಚಿದ ದಿನ ಸ್ಟಾರ್ಟರ್ ತಿರುಗದು, ಸೆನ್ಸರ್‌ಗಳು ತಪ್ಪು ಹೇಳಿಯಾವು. ದೂರು ಮಾತ್ರ ‘ಎಂಜಿನ್ ಸರಿ ಇಲ್ಲ’ ಎಂದೇ ಬರುತ್ತದೆ.

ಬೋಲ್ಟು ಹೀಗೆ ಹುಡಿಯಾಗುವುದಕ್ಕೆ ಕಾರಣ ರಸಾಯನಶಾಸ್ತ್ರದ್ದು. ಗಾಳಿಯ ತೇವಾಂಶ ಶೇ. 75 ದಾಟಿದರೆ ಅಡುಗೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ತೇವಾಂಶ ಆ ಮಟ್ಟದ ಕೆಳಗೆ ಬರುವುದೇ ಅಪರೂಪ. ಅಂದರೆ ಚಾಸಿಗೆ ಒಮ್ಮೆ ಅಂಟಿದ ಉಪ್ಪು, ತೊಳೆಯುವವರೆಗೆ, ಹಗಲೂ ರಾತ್ರಿ ಒದ್ದೆಯಾಗಿಯೇ ಇದ್ದು ಕಬ್ಬಿಣ ತಿನ್ನುತ್ತದೆ.

ಎಂಜಿನ್ನಿನ ಒಳಗೆ ಶಾಖದ ಜೊತೆಗೆ ಉಪ್ಪಿನ ಕಾಟವೂ ಇದೆ. ಘಟ್ಟದಲ್ಲಿ ಗಾಡಿ ನಿಧಾನ, ರೇಡಿಯೇಟರಿಗೆ ಎದುರುಗಾಳಿ ಕಡಿಮೆ, ಶಾಖ ಮಾತ್ರ ಪೂರ್ತಿ. ಮೇಲಿನ ಗೇರಿನಲ್ಲೇ ಗುದ್ದಾಡುವ ಬದಲು ಮೊದಲೇ ಒಂದು ಗೇರ್ ಇಳಿಸಿದರೆ ಸುತ್ತು ಏರುತ್ತದೆ, ನೀರಿನ ಪಂಪೂ ಬಿರುಸಾಗುತ್ತದೆ. ತಂಪು ಕಾಯುವುದು ಅದು. ಕೂಲೆಂಟ್ ಬದಲು ನದೀಮುಖದ ಬಾವಿಯ ಸವಳು ನೀರು ಸುರಿದವರ ರೇಡಿಯೇಟರಿನಲ್ಲಿ ಕ್ಲೋರೈಡು ಅಲ್ಯೂಮಿನಿಯಮನ್ನು ಕೊರೆಯುತ್ತದೆ. ಮುಂದೆ ಎಂಜಿನ್ ಹೀಟ್ ಆಗುತ್ತದೆ, ಆಮೇಲೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

5. ತೀರ್ಮಾನ

ಚಾಲಕರ ‘ಎಳೆತ’ ಅಶ್ವಶಕ್ತಿಯನ್ನಾಗಲಿ ಟಾರ್ಕನ್ನಾಗಲಿ ಬಿಡಿಯಾಗಿ ಅಳೆಯುವುದಿಲ್ಲ. ಕಡಿಮೆ ಸುತ್ತಿನಲ್ಲಿ ಟನ್ನಿಗೆ ಸಿಗುವ ಶಕ್ತಿಯನ್ನು ಅಳೆಯುತ್ತದೆ. ಆ ಮಾತು ಕರಪತ್ರಕ್ಕಿಂತ ಖಚಿತ. ಊರೊಳಗಿನ ಬಾಡಿಗೆಗೆ, ಅರ್ಧ ಟನ್ನಿನ ಆಸುಪಾಸಿನ ಲೋಡಿಗೆ ಏಸ್ ಸಾಕು. ವಾರಕ್ಕೆ ನಾಲ್ಕು ಸಲ ದೊಡ್ಡ ಲೋಡು ಹೇರಿ ಘಟ್ಟ ಹತ್ತಿಸುವವರು ಟರ್ಬೊ ಡೀಸೆಲ್ ಕೊಳ್ಳುವುದಕ್ಕೆ ಅರ್ಥವಿದೆ. ಆದರೆ ಕೊಂಡ ಗಾಡಿ ಇಲ್ಲಿ ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಶೋರೂಮಿನಲ್ಲಿ ಕೇಳಿ ಪ್ರಯೋಜನವಿಲ್ಲ. ಮೀನು ಇಳಿಸಿದ ಮೇಲೆ ಚಾಸಿಯನ್ನು ಯಾವ ನೀರಿನಲ್ಲಿ ತೊಳೆಯುತ್ತೀರಿ, ಸಿಹಿನೀರಿನಲ್ಲೋ ಗಜನಿಯ ನೀರಿನಲ್ಲೋ ಎಂದು ಮಾಲೀಕರನ್ನೇ ಕೇಳಬೇಕು.